ನೀಲಿ ತಾಡಪತ್ರಿ ಬೇಡವೆಂದ ಚನ್ನೇಶ

ಚನ್ನೇಶನಿಗೆ ಹಳ್ಳಿಯೆಂದರೆ ಪ್ರಾಣ. ಹಳ್ಳಿಯಲ್ಲಿ ಇರುವುದನ್ನೆಲ್ಲ ತೆಗೆದುಹಾಕಿದ ಮೇಲೆ ಉಳಿಯುತ್ತದಲ್ಲ, ಆ ಹಳ್ಳಿ.

ಅವನು ನನ್ನ ಗಂಡನ ಕಾಕಾನ ಮಗ. ಹುಟ್ಟಿದ್ದು ಇದೇ ಹಲಗೇರಿಯಲ್ಲಿ, ನಮ್ಮ ಮನೆಯಿಂದ ಎರಡು ಬಾಗಿಲು ಆಚೆ. ಹೈಸ್ಕೂಲು ಮುಗಿಯುವ ತನಕ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನು ಈಗ ರಾಣೆಬೆನ್ನೂರಿನಲ್ಲಿ ಸ್ಟುಡಿಯೋ ಇಟ್ಟಿದ್ದಾನೆ. ವಾರವೆಲ್ಲ ಪಾಸ್‌ಪೋರ್ಟ್ ಅಳತೆಯ ಫೋಟೋ, ಲ್ಯಾಮಿನೇಷನ್, ಲಗ್ನದ ಸೀಜನ್ನಿನಲ್ಲಿ ಗಂಡು ಹೆಣ್ಣನ್ನು ಸೂರ್ಯಕಾಂತಿ ಹೊಲದಲ್ಲಿ ಓಡಾಡಿಸುವುದು. ರವಿವಾರ ಮಾತ್ರ ಕಲಾವಿದ. ಮೈತುಂಬ ಕಿಸೆಗಳಿರುವ ಜಾಕೀಟು ತೊಟ್ಟು ‘ವಸಂತದ ಜನಜೀವನ’ ಹಿಡಿಯಲು ಊರಿಗೆ ಬರುತ್ತಾನೆ.

ಜನಜೀವನದಲ್ಲಿ ಜನ ಹೇಗಿರಬೇಕೆಂದು ಅವನೇ ಹೇಳಿಕೊಡುತ್ತಾನೆ. ಕಳೆದ ವರ್ಷ ಬೇವು ಹೂ ಬಿಟ್ಟಾಗ ತಿರಕಪ್ಪಜ್ಜನನ್ನು ಗಿಡದ ಬುಡದಲ್ಲಿ ಕೂರಿಸಿ, ಕೈಯಲ್ಲಿದ್ದ ಮೊಬೈಲು ಇಸಿದುಕೊಂಡು, "ದೂರ ನೋಡ್ರಿ ಅಜ್ಜ, ಸ್ವಲ್ಪ ಚಿಂತಿ ಮಾಡ್ರಿ" ಅಂದಿದ್ದ.

"ಏನ್ ಚಿಂತಿ ಮಾಡ್ಲೋ? ಮ್ಯಾಚ್ ನಡದೈತಿ, ಲಗೂ ಮುಗಸು" ಅಂದ ಅಜ್ಜ.

ಆ ಫೋಟೋ ಹಾವೇರಿಯ ಒಂದು ಪ್ರದರ್ಶನದಲ್ಲಿ ‘ರೈತನ ನಿರೀಕ್ಷೆ’ ಎಂಬ ಹೆಸರಿನಲ್ಲಿ ತೂಗಾಡಿತು. ನಿರೀಕ್ಷೆ ಇದ್ದದ್ದೇನೋ ಖರೆ, ಮೊಬೈಲು ಯಾವಾಗ ವಾಪಸ್ ಬರುತ್ತದೆಂದು.

ಈ ವರ್ಷ ಯುಗಾದಿಯ ಹಿಂದಿನ ರವಿವಾರ ನಮ್ಮ ಕಣಕ್ಕೆ ಬಂದ. ಅಲ್ಲಿ ನನ್ನ ಅತ್ತೆ ಸೋಮವ್ವನ ಮೆಣಸಿನಕಾಯಿ ಒಣಗುತ್ತಿತ್ತು. ಹಿಂದಿನ ಎರಡು ವರ್ಷವೂ ಒಣಗುವ ಹೊತ್ತಿಗೆ ಸರಿಯಾಗಿ ಮಳೆ ಬಿದ್ದು, ಕಾಯಿ ಬಿಳಿಚಿಕೊಂಡು, ಬ್ಯಾಡಗಿ ಪೇಟೆಯಲ್ಲಿ ಖರೀದಿದಾರರು ಒಂದು ಕಾಯಿ ಮುರಿದು ನೋಡಿ ಹಾಗೇ ಒಗೆದು ಮುಂದೆ ನಡೆದಿದ್ದರು. ಈ ಸಲ ಕಾಯಿ ಕೆಂಪಗೇ ಪೇಟೆ ಮುಟ್ಟಬೇಕೆಂಬುದು ಅತ್ತೆಯ ಒಂದೇ ಹಟ. ಬೆಳಿಗ್ಗೆ ಹರವುವುದು, ಮಧ್ಯಾಹ್ನ ತಿರುವುವುದು, ಸಂಜೆ ರಾಶಿ ಮಾಡಿ ತಾಡಪತ್ರಿ ಹೊದಿಸುವುದು. ಅಂಥ ಆರೈಕೆಯನ್ನು ನಾನು ನನ್ನ ಬಾಣಂತನದಲ್ಲೂ ಕಂಡಿರಲಿಲ್ಲ. ಮರುದಿನ ಚೀಲ ತುಂಬುವುದಿತ್ತು.

"ದೊಡ್ಡವ್ವ, ಆ ನೀಲಿ ತಾಡಪತ್ರಿ ಇದ್ರ ಹಳ್ಳಿ ಅನ್ನಂಗ ಕಾಣೂದಿಲ್ಲ. ತಗದ ಇಡ್ತೀನಿ" ಎಂದ ಚನ್ನೇಶ.

"ಅದು ಹಳ್ಳ್ಯಾಗ ಇಲ್ದ ಮತ್ತ ಎಲ್ಲಿ ಇರ್ತೈತೋ?" ಎಂದೆ ನಾನು.

"ವೈನಿ, ನಿಮಗ ಫ್ರೇಮ್ ತಿಳಿಯೂದಿಲ್ಲ ಬಿಡ್ರಿ."

ತಾಡಪತ್ರಿ ಹೋಯಿತು. ಅದರ ಹಿಂದೆ ಪ್ಲಾಸ್ಟಿಕ್ ಕೊಡ ಹೋಯಿತು, ನನ್ನ ಮಗನ ಹಳದಿ ಸೈಕಲ್ಲೂ ಹೋಯಿತು. ಆಮೇಲೆ ಪಕ್ಕದ ಮನೆಯ ಬಿಸ್ಮಿಲ್ಲಾಬಿಯ ಪಾಳಿ. ಘಾಟು ತಡೆಯಲು ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟು, ಮುಖಕ್ಕೆ ಅರಿವೆ ಸುತ್ತಿಕೊಂಡು ಕಾಯಿ ತಿರುವುತ್ತಿದ್ದಳು.

"ಖಾಲಾ, ಆ ಅಂಗಿ ತಗದ್ರ ಚೊಲೋ ಬರ್ತೈತಿ."

"ಮೊದಲ ನೀ ಅಂಗಿ ತಗದ ಬಾ, ಒಂದ್ ತಾಸು ಕಾಯಿ ತಿರುವು. ಆಮ್ಯಾಲ ನಾಳೀಮಟ ಹೊಂಡದಾಗಿಂದ ಎದ್ದು ಬರೂದಿಲ್ಲ ನೀ."

ಬಿಸಿಲು ಇಳಿಯುತ್ತಿದ್ದಂತೆ ಪಡುವಣದಲ್ಲಿ ಮೋಡ ಕಟ್ಟಿತು. ಅತ್ತೆ ಎದ್ದು ರಾಶಿ ಮಾಡತೊಡಗಿದಳು. ಅವನು ಅಡ್ಡ ಬಂದ.

"ಒಂದೀಟು ತಡಿ ದೊಡ್ಡವ್ವ. ಕೆಳಗ ಕೆಂಪ, ಮ್ಯಾಲ ಕರಿ ಮ್ವಾಡ! ಬೀಜದ ಕಂಪನಿ ಕ್ಯಾಲೆಂಡರಿಗೆ ಕಳಸ್ತೀನಿ. ಮನಿಮನಿ ಗ್ವಾಡಿ ಮ್ಯಾಲ ನಿನ್ನ ಕಾಯಿ."

"ಪ್ಯಾಟ್ಯಾಗ ಒಗದ ಹೋದ್ರಲ್ಲ, ಅವರ ಮನ್ಯಾಗೂ?"

"ಅವರ ಮನ್ಯಾಗೂ."

ಸೊಸೆಯ ಚಹಾ ಎರಡು ನಿಮಿಷ ತಡವಾದರೆ ಓಣಿಗೆಲ್ಲ ಕೇಳಿಸುವ ಅತ್ತೆ ಅಲ್ಲಿ ಕೈಕಟ್ಟಿ ನಿಂತಳು. ರಾಶಿ ಮಾಡಿದ್ದಷ್ಟನ್ನೂ ಅವನು ಮತ್ತೆ ತೆಳ್ಳಗೆ ಹರವಿಸಿದ.

ಗಾಳಿ ಒಮ್ಮೆಲೇ ತಿರುಗಿತು. ದಪ್ಪ ಹನಿ, ಅದರ ಬೆನ್ನಿಗೇ ಆಲಿಕಲ್ಲು. ಕಂಕುಳಲ್ಲಿದ್ದ ಸಣ್ಣ ಮಗಳನ್ನು ಒಳಗೆ ತೊಟ್ಟಿಲಿಗೆ ಹಾಕಿ ಓಡಿ ಬಂದೆ. ತಾಡಪತ್ರಿ ಇಲ್ಲ. ಬಿಸ್ಮಿಲ್ಲಾಬಿ ಮೊರ, ಬುಟ್ಟಿ ಸಿಕ್ಕಿದ್ದರಲ್ಲಿ ಬಾಚುತ್ತಿದ್ದಳು. ಅತ್ತೆ ಹಾಸಿಗೆಯ ಕೌದಿಗಳನ್ನೇ ಎಳೆತಂದು ಕಾಯಿಯ ಮೇಲೆ ಒಗೆದಳು.

"ತಾಡಪತ್ರಿ ಎಲ್ಲಿಟ್ಟೀಯೋ?" ಎಂದು ನಾವು ಮೂವರೂ ಕಿರುಚಿದೆವು.

ಚನ್ನೇಶ ಕೆಸರಿನಲ್ಲಿ ಮೊಣಕಾಲೂರಿ, ಕ್ಯಾಮೆರಾಕ್ಕೆ ಕಣ್ಣು ಅಂಟಿಸಿಕೊಂಡಿದ್ದ. "ಹಂಗ ಓಡ್ರಿ! ಭಾರಿ ಬರಾಕತ್ತೈತಿ, ಹಂಗ ಓಡ್ರಿ!"

ನಾವು ಅವನಿಗಾಗಿ ಓಡುತ್ತಿದ್ದೇವೆಂದು ತಿಳಿದಿದ್ದ ಪುಣ್ಯಾತ್ಮ. ನಾನು ಕ್ಯಾಮೆರಾದ ಪಟ್ಟಿ ಹಿಡಿದು ಜಗ್ಗಿದಾಗಲೇ ಅವನ ಬಾಯಿಂದ "ಕುಳ್ಳಿನ ಬಣಿವಿ ಹಿಂದ" ಎಂಬ ಮಾತು ಹೊರಟಿತು. ತಂದು ಹೊದಿಸುವಷ್ಟರಲ್ಲಿ ಆಲಿಕಲ್ಲು ಕರಗಿ ಕಾಯಿಯ ನಡುವೆ ನೀರಾಗಿ ಹರಿಯುತ್ತಿತ್ತು. ಮರುದಿನ ತನಗೇನೂ ಗೊತ್ತೇ ಇಲ್ಲವೆಂಬಂತೆ ಚುರುಚುರು ಬಿಸಿಲು.

ಅತ್ತೆ ಅವನಿಗೆ ಚಹಾ ಕುಡಿಸಿಯೇ ಕಳಿಸಿದ್ದಳು. ಅದು ಒಳ್ಳೆಯ ಲಕ್ಷಣವಲ್ಲವೆಂದು ನನಗೆ ಗೊತ್ತು, ಚನ್ನೇಶನಿಗೆ ಗೊತ್ತಿಲ್ಲ. ವಾರ ಕಳೆದು, ಕಾಯಿ ಮತ್ತೆ ಒಣಗಿದ ರವಿವಾರ, ಫೋಟೋಗಳನ್ನು ಫೋನಿಗೆ ಹಾಕಿಕೊಂಡು ತೋರಿಸಲು ಹಿಗ್ಗುತ್ತ ಬಂದ. ಚೆಂದ ಬಂದಿದ್ದವು, ಸುಳ್ಳು ಯಾಕೆ ಹೇಳಲಿ. ಕೆಂಪು ಕಣ, ಮುತ್ತಿನಂಥ ಆಲಿಕಲ್ಲು, ಸೆರಗು ಹಾರಿಸಿಕೊಂಡು ಓಡುವ ಹೆಂಗಸರು. ನಾವು ಹಾಳಾಗುವುದು ಇಷ್ಟು ಚೆಂದ ಕಾಣುತ್ತದೆಂದು ನಮಗೆ ಗೊತ್ತೇ ಇರಲಿಲ್ಲ.

"ಇದಕ್ಕ ‘ವಸಂತದ ಆಟ’ ಅಂತ ಹೆಸರಿಡಾಕತ್ತೇನಿ" ಎಂದ.

ಅತ್ತೆ ಬಹಳ ಹೊತ್ತು ನೋಡಿ ಫೋನು ಅವನ ಕೈಗೆ ಕೊಟ್ಟಳು. "ಚೊಲೋ ಐತಿ. ಕುಂದರು." ಒಂದು ಬುಟ್ಟಿ ಅವನ ಮುಂದೆ ಸುರಿದಳು. "ಕೆಂಪು ಬ್ಯಾರೆ, ಬಿಳಿ ಬ್ಯಾರೆ ಮಾಡು. ಬಣ್ಣದಾಗ ನೀ ಶ್ಯಾಣ್ಯಾ ಅಲ್ಲ?"

ನಗುತ್ತಲೇ ಕುಳಿತ. ಎರಡನೆಯ ಬುಟ್ಟಿಗೆ ಸೀನು ಹತ್ತಿತು. ಮೂರನೆಯದಕ್ಕೆ ಮರೆತು ಕಣ್ಣು ಉಜ್ಜಿಕೊಂಡು ಊಳಿಟ್ಟ. ತಣ್ಣೀರಿನಲ್ಲಿ ಕಣ್ಣು ತೊಳೆಸಿ, ಕೈಗೆ ಕೊಬ್ಬರಿ ಎಣ್ಣೆ ಸವರಿದೆ. ನನ್ನ ಮಗನೂ ಅಷ್ಟು ಅಳುವುದಿಲ್ಲ. ಪಾಪ ಅನಿಸಿತು. ಎಣ್ಣೆ ಇಂಗಿದ ಮೇಲೆ ಮತ್ತೊಂದು ಬುಟ್ಟಿ ಇಟ್ಟೆ.

ಹೊತ್ತು ಮುಳುಗುವಾಗ ಎರಡು ರಾಶಿಯಾಗಿದ್ದವು. ಬಿಳಿಯದು ದೊಡ್ಡದು. ಕೆಂಪಿನದು ಸಣ್ಣದು, ಆದರೆ ಒಂದು ಕಾಯಿಯೂ ಮಾಸಿರಲಿಲ್ಲ. ಉರಿಯುವ ಬೆರಳು ಊದಿಕೊಳ್ಳುತ್ತ ಚನ್ನೇಶ ಕೆಂಪು ರಾಶಿಯ ಪಕ್ಕಕ್ಕೆ ಸರಿದ.

"ವೈನಿ, ಇದರ ಮುಂದ ನಂದೊಂದು ಫೋಟೋ ತಗೀರಿ."

ಚೀಲದ ಬಾಯಿ ಹೊಲಿಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ.

"ಬಿಳೀ ರಾಶಿ ಮುಂದ ಕುಂದರಲಿ, ತಗಿಯವಾ. ಕೆಂಪಂದು ನಾಳೆ ಪ್ಯಾಟಿಗೆ ಹೋಗೂದೈತಿ."