ಬೀಳುವುದನ್ನು ಕಲಿಸಿದ ಡ್ರಿಲ್ ಮೇಷ್ಟ್ರು

ಅವರ ಕತ್ತು ತಿರುಗುತ್ತಿರಲಿಲ್ಲ. ಚನ್ನಗಿರಿಯ ನಮ್ಮ ಎದುರುಮನೆ ಕಟ್ಟೆಯ ಮೇಲೆ ಕೂತ ಡ್ರಿಲ್ ಮೇಷ್ಟ್ರನ್ನು ಯಾರಾದರೂ ಪಕ್ಕದಿಂದ ಕರೆದರೆ, ಸೊಂಟದ ಮೇಲಿನ ಇಡೀ ಮೈ ಬೀರುವಿನ ಬಾಗಿಲಿನಂತೆ ತಿರುಗುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನನಗದು ವೆರಿ ಫನ್ನಿ ಅನಿಸಿತ್ತು. ಆಮೇಲೆ ಗೊತ್ತಾಯಿತು. ಮಿಲಿಟರಿಯಲ್ಲಿ ಜಿಮ್ನ್ಯಾಸ್ಟಿಕ್ಸ್ ಕಲಿಸುವಾಗ ಮರದ ಕುದುರೆಯ ಮೇಲಿಂದ ಲಾಗ ಹಾಕಿ, ತಲೆಕೆಳಗಾಗಿ ಬಿದ್ದಿದ್ದರಂತೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಮೈದುನನಿಗೆ ಮಿಲಿಟರಿ ಹುಚ್ಚು ಹಿಡಿಯಿತು. ನಮ್ಮತ್ತೆ ಹೋಗಿ ಮೇಷ್ಟ್ರ ಮುಂದೆ ನಿಂತರು.

"ಅವನು ಹೋಗೋದು ಬಿಡಲ್ಲ ರೀ. ಆದ್ರೆ ನಿಮ್ಮಂಗೆ ಆಗಬಾರ್ದು."

ಮುಖಕ್ಕೆ ಮುಖ ಕೊಟ್ಟು ಎಂಥ ಮಾತು! ಐ ವಾಸ್ ಸೋ ಅಶೇಮ್ಡ್. ಮೇಷ್ಟ್ರು ಮಾತ್ರ, "ಕಳಸ್ರಮ್ಮ" ಎಂದರು.

ಅಡಿಕೆ ಮಂಡಿಯ ಹಿಂದಿನ ಸಿಪ್ಪೆ ಗುಡ್ಡೆಯೇ ಅವರ ಜಿಮ್. ಅಲ್ಲಿ ಗಲ್ಲವನ್ನು ಎದೆಗೆ ಒತ್ತಿ, ಹೆಗಲು ಕೊಟ್ಟು ಉರುಳಿ ಬೀಳುವುದನ್ನಷ್ಟೇ ಕಲಿಸಿದರು. ಚಳಿಗಾಲ ಬಂದರೂ ಅದೇ ಪಾಠ.

"ಹಾರಾಕೆ ಯಾವಾಗ ಹೇಳ್ಕೊಡ್ತೀರಿ ಸಾ?"

"ಹಾರಾಕೆ ಅಲ್ಲಿ ಬೇಕಾದಷ್ಟು ಜನ ಹೇಳ್ತಾರೆ. ಬೀಳಾಕೆ ಯಾರೂ ಹೇಳಲ್ಲ. ಹಾರು ಅಂತ ಹುಕುಂ ಅಷ್ಟೇ."

"ಸಿಪ್ಪೆ ತಾಗಿ ಕತ್ತೆಲ್ಲ ತುರಿಸ್ತೈತೆ ಸಾ."

"ತುರಿಸಾಕೆ ಕತ್ತು ಐತಲ್ಲ, ಖುಷಿಪಡು."

ಟ್ರೇನಿಂಗಿಗೆ ಹೋದವನು ಮರುವರ್ಷ ಕೊರಳಿಗೆ ಕಾಲರ್ ಹಾಕಿಕೊಂಡು ಬಸ್ಸಿಳಿದ. ಅಲ್ಲೂ ಅದೇ ಮರದ ಕುದುರೆ. ಜ್ವರವಿದ್ದರೂ ಹಾರು ಎಂದರಂತೆ. ಹಾರಿದ, ಕೈ ಜಾರಿತು. ಗಲ್ಲ ಒಳಗೆ ಎಳೆದುಕೊಂಡಿದ್ದಕ್ಕೆ ಕೈಕಾಲು ಉಳಿಯಿತೆಂದು ಡಾಕ್ಟರು ಹೇಳಿದರಂತೆ. ಕಾಲರ್ ತೆಗೆದ ಮೇಲೂ ಕತ್ತು ತಿರುಗಲಿಲ್ಲ.

ಮೇಷ್ಟ್ರು ಕೇಳಿದ್ದು ಒಂದೇ. "ನಡ್ಕಂಡೇ ಬಂದ್ಯೇನೋ?"

"ಹೂಂ ಸಾ."

ಅವರು ಇಡೀ ಮೈ ತಿರುಗಿಸಿ ಒಳಗೆ ಹೋದರು. ಅತ್ತೆ ಅಂದಿನಿಂದ ಅವರೊಡನೆ ಮಾತು ಬಿಟ್ಟರು. ಮನೆಯಲ್ಲಿ ಯಾರೂ ಅಳಲಿಲ್ಲ. ನಾನು ಅಕ್ಕಿ ಆರಿಸುತ್ತ ಕೂತೆ. ಕಲ್ಲು ಸಿಕ್ಕಿದವೋ ಇಲ್ಲವೋ, ಐ ಡೋಂಟ್ ರಿಮೆಂಬರ್.

ಎಂಬತ್ತರ ದಶಕ ಮುಗಿಯುವ ಮೊದಲೇ ಮೇಷ್ಟ್ರು ಹೋದರು. ನಮ್ಮಲ್ಲಿ ಹೆಣವನ್ನು ಕೂರಿಸುತ್ತಾರೆ; ತಲೆ ವಾಲದಂತೆ ಹಣೆಗೆ ಬಟ್ಟೆ ಸುತ್ತಿ ಹಿಂದಿನ ಗೋಡೆಗೆ ಕಟ್ಟುತ್ತಾರೆ. ಬಟ್ಟೆ ಹಿಡಿದು ಬಂದವರು ಅದನ್ನು ಮಡಿಚಿಟ್ಟರು. ಮೇಷ್ಟ್ರ ತಲೆ ತಾನೇ ನೆಟ್ಟಗಿತ್ತು.

ಅತ್ತೆ ಬಂದು ಮುಂದೆ ಕೂತರು. ಆ ಕತ್ತನ್ನೂ, ಪಕ್ಕದಲ್ಲಿ ನಿಂತ ಮಗನ ಕತ್ತನ್ನೂ ನೋಡಿದರು.

"ನಡಿಯಂಗೆ ಮಾಡಿ ಕಳಿಸಿದ್ರಿ" ಎಂದರು. ಅಷ್ಟು ವರ್ಷಗಳ ಮೇಲೆ ಆಡಿದ ಮಾತು.

ಮೇಷ್ಟ್ರನ್ನು ಕೂರಿಸಿದ ವಿಮಾನ ಎತ್ತಿದಾಗ ನನ್ನ ಮೈದುನ ಹೆಗಲು ಕೊಟ್ಟ. ಸ್ಮಶಾನದವರೆಗೂ ನಡೆದ.