ಏಳನೆಯ ಮಗಳ ಪ್ರಶ್ನೆ

ದೇವದುರ್ಗದ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಜನಸಂಖ್ಯೆಯ ಪಾಠ ಬಂದಾಗ ಹಲಗೆಯ ಒಂದು ಕಡೆ ಒಂದು, ಎರಡು, ನಾಲ್ಕು, ಎಂಟು ಎಂದು ಜನರನ್ನು ಬರೆಯುವುದು ರೂಢಿ. ಇನ್ನೊಂದು ಕಡೆ ಒಂದು, ಎರಡು, ಮೂರು, ನಾಲ್ಕು ಎಂದು ಆಹಾರವನ್ನು. ಜನ ಹೆಚ್ಚಿದಷ್ಟು ಬೇಗ ಅನ್ನ ಹೆಚ್ಚುವುದಿಲ್ಲ ಎಂಬುದು ಆ ಹಳೆಯ ಸಿದ್ಧಾಂತದ ಸಾರ.

ಹೋದ ವರ್ಷ ಬಿ.ಎ. ಕೊನೆಯ ವರ್ಷದವರಿಗೆ ಹೀಗೆ ಬರೆದು ತಿರುಗುವಷ್ಟರಲ್ಲಿ, ಗಬ್ಬೂರಿನಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಎದ್ದು ನಿಂತಿದ್ದಳು.

“ಮೇಡಂ, ನಮ್ಮನ್ಯಾಗ ನಾನು ಏಳನೇದಾಕಿ. ಈ ಲೆಕ್ಕದಾಗ ನಾ ಹೆಚ್ಚಿಗಿ ಆದಾಕೇನ್ರಿ?”

ಹಿಂದಿನ ಬೆಂಚಿನವರು ನಕ್ಕರು. ಬಾಗಲವಾಡದ ಕೂಲಿಯವರ ಮನೆಯಲ್ಲಿ ನಾನು ಆರನೆಯವಳು. ಅದನ್ನು ಹೇಳಿದೆ, ನಗು ನಿಂತಿತು.

“ಇದು ಒಬ್ಬರ ವಾದ ಅಷ್ಟ,” ಎಂದೆ. “ಖರೇ ಹೌದೋ ಅಲ್ಲೋ, ನಿಮ್ಮ ಮನ್ಯಾಗ ನೋಡ್ಕೊಂಡು ಬಂದು ಎಲ್ಲರಿಗೂ ಹೇಳು.”

ಮುಂದಿನ ವಾರ ಅವಳು ತರಗತಿಯ ಎದುರು ನಿಂತಳು. ಅಜ್ಜನ ಕಾಲದಲ್ಲಿ ಮಳೆ ನಂಬಿ ಜೋಳ ಬಿತ್ತುತ್ತಿದ್ದ ಹೊಲಕ್ಕೆ ಕಾಲುವೆ ನೀರು ಬಂದದ್ದು, ಈಗ ಅಕ್ಕ ಅಣ್ಣಂದಿರೆಲ್ಲ ಇಳಿದು ಭತ್ತ ನಾಟಿ ಮಾಡುವುದು, ಎಲ್ಲವನ್ನೂ ಹೇಳಿದಳು. ಆಮೇಲೆ ದನಿ ಸಣ್ಣದಾಯಿತು.

“ಮನ್ಯಾಗ ಅನ್ನಕ್ಕ ಕಡಿಮಿ ಇಲ್ರಿ. ಆದ್ರ ನಮ್ಮವ್ವ ಎಲ್ಲರದೂ ಆದಮ್ಯಾಲ ಉಣ್ತಾಳ. ಆಕಿಗೆ ಪಲ್ಯ ಉಳಿಯಂಗಿಲ್ಲ. ಅದಕ್ಕ ನಿನ್ನಿ ಎಲ್ಲಾರೂ ಆಕಿ ಕೂಡ ಕುಂತು ಉಂಡಿವಿ. ಪಲ್ಯ ಎಲ್ಲಾರಿಗೂ ಸಾಕಾತ್ರಿ.”

ಆ ದಿನ ಯಾರೂ ನಗಲಿಲ್ಲ. ನನ್ನ ಅವ್ವ ಒಲೆಯ ಮುಂದೆ ಒಬ್ಬಳೇ ಕೂತು ರೊಟ್ಟಿಗೆ ಖಾರ ಹಚ್ಚಿಕೊಂಡು ಉಣ್ಣುತ್ತಿದ್ದುದು ನನಗೆ ನೆನಪಾಯಿತು.

ಅದೇ ವರ್ಷ ರಾಯಚೂರಿನಲ್ಲಿ ನಡೆದ ಕಾಲೇಜು ಭಾಷಣ ಸ್ಪರ್ಧೆಗೆ ಅವಳನ್ನೇ ಕರೆದುಕೊಂಡು ಹೋದೆ. ಅವಳ ತಾಯಿಯೂ ಜೊತೆಗೆ ಬಂದರು. ಮಗಳು ವೇದಿಕೆಯ ಮೇಲೆ ಮನೆಯ ಊಟದ ಮಾತೆತ್ತಿದಾಗ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಕಣ್ಣು ಮಾತ್ರ ಮಗಳ ಮೇಲೆಯೇ ಇತ್ತು. ಎರಡನೇ ಬಹುಮಾನ ಬಂತು.

ಬಸ್ ನಿಲ್ದಾಣದ ಹತ್ತಿರದ ಖಾನಾವಳಿಗೆ ಮೂವರೂ ಹೋದೆವು. ಮೊದಲ ತಾಟು ಬಂದಾಗ ತಾಯಿ ಅದನ್ನು ನನ್ನತ್ತ ಸರಿಸಿದರು.

“ನೀವು ಉಣ್ರಿ ಮೇಡಂ.”

ಹುಡುಗಿ ತಾಟನ್ನು ತಿರುಗಿ ತಾಯಿಯ ಮುಂದಿಟ್ಟಳು. “ನೀ ಉಣ್ಣು, ಯವ್ವಾ. ನಮಗೂ ಬರ್ತದ.”

ಆಕೆ ನಾಚುತ್ತಲೇ ಉಂಡರು. ಸ್ವಲ್ಪ ಹೊತ್ತಿಗೆ ತಾವೇ ಬಡಿಸುವವನನ್ನು ಕರೆದು ಇನ್ನೊಂದು ರೊಟ್ಟಿ ಕೇಳಿದರು, ಪಲ್ಯವನ್ನೂ ಹಾಕಿಸಿಕೊಂಡರು.

ಹುಡುಗಿ ಈಗ ರಾಯಚೂರಿನಲ್ಲಿ ಎಂ.ಎ. ಓದುತ್ತಿದ್ದಾಳೆ. ಅವಳು ನನ್ನ ವಿದ್ಯಾರ್ಥಿನಿ ಎಂದು ಕೇಳದವರಿಗೂ ಹೇಳುತ್ತೇನೆ.