ಉಸ್ತಾದರ ಕೆನೆಬಣ್ಣ

ನನಗೆ ಬಣ್ಣದ ಕೆಲಸ ಕಲಿಸಿದ ಉಸ್ತಾದರು ಕಲಬುರಗಿಯ ರೋಜಾ ಮೊಹಲ್ಲಾದವರು. ನಾನು ಕಮಲಾಪುರದವನು. ಇಪ್ಪತ್ತು ವರ್ಷಕ್ಕೂ ಮೇಲೆ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಅವರ ಜೊತೆ ಕಪಾಟು, ಬಾಗಿಲು, ಕಿಟಕಿಗಳಿಗೆ ಬಣ್ಣ ಬಳಿದಿದ್ದೇನೆ. ನನ್ನ ಮಕ್ಕಳು ಕಾಲೇಜಿಗೆ ಬಂದರೂ ಉಸ್ತಾದರ ಪಾಲಿಗೆ ನಾನಿನ್ನೂ ಶಾಗಿರ್ದನೇ, ಕೆಲಸ ಕಲಿಯುವ ಹುಡುಗನೇ. ಹೆತ್ತ ಅಪ್ಪನಿಗೆ ಎದುರು ಮಾತಾಡಿದವನು ನಾನು, ಅವರ ಮುಂದೆ ಮಾತ್ರ ಬಾಯಿ ಬಿಚ್ಚುತ್ತಿರಲಿಲ್ಲ.

ಈಚಿನ ವರ್ಷಗಳಲ್ಲಿ ಎಲ್ಲರಿಗೂ ಅಡುಗೆಮನೆಯ ಕಪಾಟು ಕೆನೆಬಣ್ಣದ್ದೇ ಆಗಬೇಕು. ಮೊಬೈಲಿನಲ್ಲಿ ಯಾವುದೋ ದೇಶದ ಫೋಟೋ ತೋರಿಸಿ, "ಹಿಂಗೇ ಬೇಕ್ರೀ" ಅನ್ನುತ್ತಾರೆ. ಬರೀ ಬಣ್ಣ ಸಾಲದು, ಮೇಲೆ ಗ್ಲೇಜ್ ಬೇಕು. ಅಂದರೆ ಕೆನೆಬಣ್ಣ ಒಣಗಿದ ಮೇಲೆ ತೆಳ್ಳಗೆ ಕಂದು ಬಳಿದು, ಅದು ಹಸಿ ಇರುವಾಗಲೇ ಹಳೆ ಬನಿಯನ್ ಬಟ್ಟೆಯಿಂದ ಒರೆಸಿಬಿಡುವುದು. ಅಂಚಿನಲ್ಲಿ, ಗೆರೆಗಳಲ್ಲಿ ಮಾತ್ರ ಕಂದು ಉಳಿದು ಹೊಸ ಕಪಾಟು ಹಳೆಯದರಂತೆ ಕಾಣಬೇಕಂತೆ. ಒಗ್ಗರಣೆಯ ಹೊಗೆ ಎರಡು ವರ್ಷದಲ್ಲಿ ಪುಕ್ಕಟೆ ಮಾಡಿಕೊಡುವ ಕೆಲಸಕ್ಕೆ ನಮ್ಮನ್ನೇಕೆ ಕರೆಯುತ್ತಾರೆ ಎಂದು ನಾನು ಗೊಣಗಿದರೆ ಉಸ್ತಾದರು ಗದರುತ್ತಿದ್ದರು. "ಬಾಯಿ ಕಮ್ಮಿ ಆಡ್ಸು, ಕೈ ಜಾಸ್ತಿ ಆಡ್ಸು."

ಈಗ ಅಂಗಡಿಯಲ್ಲೇ ಮಶೀನು ಬಣ್ಣ ಬೆರೆಸಿ ಕೊಡುತ್ತದೆ. ಉಸ್ತಾದರಿಗೆ ಅದೆಂದರೆ ಆಗದು. ಬಿಳಿ ಬಣ್ಣದ ಡಬ್ಬಿಗೆ ತಾವೇ ಹಳದಿ, ಕಂದು ಹನಿಗಳನ್ನು ಹಾಕಿ, ಕಡ್ಡಿಯಿಂದ ಕಲಸಿ, ಹೆಬ್ಬೆರಳ ಉಗುರಿನ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿಯುವರು. ಅದಾದ ಮೇಲೆ ಮಾತಿಲ್ಲ. ಎಷ್ಟು ಡಬ್ಬಿ ಕಲಸಿದರೂ ಒಂದೇ ಬಣ್ಣ ಬರುತ್ತಿತ್ತು. ಊರಿನ ಮಿಸ್ತ್ರಿಗಳೆಲ್ಲ ಅವರ ಆ ಉಗುರನ್ನು ನಂಬುತ್ತಿದ್ದರು, ನಾನೂ ನಂಬಿದ್ದೆ.

ಜೇವರ್ಗಿ ಕಾಲೋನಿಯಲ್ಲಿ ಒಬ್ಬ ಟೀಚರಮ್ಮನ ಮನೆ. ಮೇಲಿನ ಸಾಲಿನ ಬಾಗಿಲುಗಳು ಮುಗಿದು, ಕೆಳಗಿನ ಸಾಲಿಗೆಂದು ಉಸ್ತಾದರು ಎರಡನೆಯ ಡಬ್ಬಿ ಕಲಸಿದರು. ಉಗುರು ನೋಡಿ ತಲೆಯಾಡಿಸಿದರು. ನಾನು ಇಣುಕಿದೆ. ಮೊದಲಿನದು ಕೆನೆ, ಇದು ಸುಣ್ಣ! ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ.

"ಏನ್ ಹಂಗ ನೋಡ್ತಿ? ಸೇಮ್ ಅದ ಇಲ್ಲೋ?" ಅಂದರು.

ಟೀಚರಮ್ಮ ಚಹಾದ ಕಪ್ಪು ಹಿಡಿದು ಬಾಗಿಲಲ್ಲೇ ನಿಂತಿದ್ದರು. ನಮ್ಮ ಕೆಲಸದಲ್ಲಿ ಶಾಗಿರ್ದನಾದವನು ಮನೆಯವರ ಮುಂದೆ ಉಸ್ತಾದರ ತಪ್ಪು ಎತ್ತಿ ಆಡುವುದಿಲ್ಲ. ಇಬ್ಬರೇ ಇದ್ದಾಗಲೂ ಆಡುವುದಿಲ್ಲ. ಅವರೂ ತಮ್ಮ ಉಸ್ತಾದರೆದುರು ಹಾಗೇ ಇದ್ದರಂತೆ.

"ಸೇಮ್ ಅದ್ರೀ ಉಸ್ತಾದ್," ಅಂದೆ.

ಮಧ್ಯಾಹ್ನದ ನಮಾಜಿಗೆ ಅವರು ಹೋದಾಗ ಡಬ್ಬಿಗೆ ನಾಲ್ಕು ಹನಿ ಹಳದಿ, ಅರೆ ಹನಿ ಕಂದು ಹಾಕಿ ಕಲಸಿಬಿಟ್ಟೆ. ಬಂದವರು ಅದೇ ಬಣ್ಣ ಎತ್ತಿಕೊಂಡು ಬಳಿದರು, ಬದಲಾದದ್ದು ಗೊತ್ತೇ ಆಗಲಿಲ್ಲ. ಟೀಚರಮ್ಮ ಕೊನೆಗೆ, "ಅಯ್ಯ, ಎಷ್ಟ ಚಂದ ಆಗ್ಯಾವ್ರೀ!" ಅಂದಾಗ ಉಸ್ತಾದರ ಮುಖ ಅರಳಿತು. ಉಸ್ತಾದರ ಮಾನ ಉಳಿಸಿದೆ ಅಂತ ನಾನು ಬಸ್ಸಿನಲ್ಲಿ ಮಹಾಗಾಂವ ದಾಟುವವರೆಗೂ ಒಳಗೊಳಗೇ ಬೀಗಿದೆ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಆಮೇಲೆ ಅದೇ ರೂಢಿಯಾಯಿತು. ಅವರು ಕಲಸುವುದು, ನಮಾಜಿಗೆ ಹೋಗುವುದು, ನಾನು ತಿದ್ದುವುದು. ಪಕ್ಕದಲ್ಲಿಟ್ಟ ಡಬ್ಬಿಗೆ ಅವರ ಮೊಣಕೈ ತಾಗಿ ಎರಡು ಸಲ ಚೆಲ್ಲಿತು. ಬದಿಗಿರುವ ವಸ್ತು ಅವರಿಗೆ ಕಾಣುತ್ತಿಲ್ಲ ಎಂದು ನನಗೆ ಹೊಳೆಯಿತು. ನಾನು ಮಾಡಿದ್ದೇನು? ಡಬ್ಬಿಗಳನ್ನೆಲ್ಲ ಅವರ ಎದುರಿಗೆ ಸರಿಸಿಡತೊಡಗಿದೆ, ಅವರು ಒರೆಸದೆ ಬಿಟ್ಟ ಗ್ಲೇಜನ್ನು ನಾನೇ ಒರೆಸತೊಡಗಿದೆ. ಹೀಗೆ ಒಂದು ವರ್ಷದ ಮೇಲಾಯಿತು.

ಒಂದು ದಿನ ಊಟಕ್ಕೆ ಕುಳಿತಾಗ ಅವರೇ ನಕ್ಕರು. "ನನ್ ಮಗಳು ಕಣ್ಣ್ ತೋರ್ಸ್ಕೋ ಅಬ್ಬಾ ಅಂತ ಬೆನ್ನ ಹತ್ತ್ಯಾಳ. ನಾ ಅಂದೆ, ಕಣ್ಣ್ ಕೆಟ್ಟಿದ್ರ ಬಣ್ಣ ಹಿಂಗ ಕೂಡ್ತಿತ್ತೇನಬೇ? ಏನಂತಿ ನೀ?"

ನಾನೇನೆಂದೆ? "ಖರೆ ಅದ್ರೀ," ಅಂದೆ. ರೊಟ್ಟಿ ಮುರಿದು ಬಾಯಿಗಿಟ್ಟೆ. ಆ ಗಳಿಗೆಯನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಸುಳ್ಳು ಹೊರಬಿದ್ದದ್ದು ನಮ್ಮ ಕಮಲಾಪುರದಲ್ಲೇ. ಬಾಳೆಹಣ್ಣಿನ ವ್ಯಾಪಾರಿಯೊಬ್ಬರ ಹೊಸ ಮನೆ, ನಾನೇ ತಂದುಕೊಟ್ಟ ಕೆಲಸ. ಅಷ್ಟರಲ್ಲಿ ನನಗೆ ಜ್ವರ ಬಂತು. ಮೂರು ದಿನ ಉಸ್ತಾದರೊಬ್ಬರೇ ದುಡಿದರು. ನಾಲ್ಕನೆಯ ದಿನ ವ್ಯಾಪಾರಿ ನನ್ನ ಮನೆಗೇ ಬಂದು ಎಬ್ಬಿಸಿಕೊಂಡು ಹೋದರು.

ಅಡುಗೆಮನೆಯಲ್ಲಿ ಹದಿನಾಲ್ಕು ಬಾಗಿಲು. ಒಂದು ಸಾಲು ಬೆಳ್ಳಗೆ, ಒಂದು ಸಾಲು ಅರಿಶಿನ. ಗ್ಲೇಜಂತೂ ಕಣ್ಣಿಂದ ನೋಡುವ ಹಾಗಿರಲಿಲ್ಲ. ಕೆಲವು ಕಡೆ ಬಳಿದದ್ದನ್ನು ಒರೆಸೇ ಇಲ್ಲ, ಬಾಗಿಲುಗಳ ಬದಿಯಲ್ಲಿ ಕಂದು ಇಳಿದು ಹಾಗೇ ಒಣಗಿತ್ತು. ನೆಂಟರೆಲ್ಲ ನೆರೆದಿದ್ದರು, ಯಾರೋ ಕಿಸಕ್ಕನೆ ನಕ್ಕರು.

"ಏನ್ರೀ ಮಿಸ್ತ್ರಿ, ಕಣ್ಣ್ ಕಾಣ್ತಾವೋ ಇಲ್ಲೋ?" ವ್ಯಾಪಾರಿ ಕೂಗಾಡಿದರು.

ಉಸ್ತಾದರು ಬಾಗಿಲಿಗೆ ಮೂಗು ತಾಗಿಸುವಷ್ಟು ಹತ್ತಿರ ಹೋಗಿ ನೋಡಿದರು. ನನ್ನ ಕಡೆ ತಿರುಗಿ, "ನೀ ಹೇಳು. ಎಲ್ಲಾ ಒಂದೇ ಅದ ಇಲ್ಲೋ?" ಅಂದರು. ಅವರ ದನಿಯಲ್ಲಿ ಅನುಮಾನವೇ ಇರಲಿಲ್ಲ.

ಈ ಸಲ ತಲೆ ತಗ್ಗಿಸಿದೆ. ಅವರು ಬ್ರಷ್ಷನ್ನು ಡಬ್ಬಿಯಲ್ಲಿಡಲು ಹೋದರು, ಅದು ಡಬ್ಬಿಯ ಹೊರಗೆ ಬಿತ್ತು.

ಮರುದಿನ ಕಲಬುರಗಿಯ ಕಣ್ಣಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರಮ್ಮ ತಾಸುಗಟ್ಟಲೆ ನೋಡಿದರು. ಕಾಲಾ ಮೋತಿಯಾ, ಅಂದರೆ ಗ್ಲಾಕೋಮಾ ಅಂದರು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಸತ್ತಿದೆ, ಉಳಿದಷ್ಟನ್ನು ಔಷಧದಿಂದ ಹಿಡಿದಿಡಬಹುದು, ಹೋದದ್ದು ಮಾತ್ರ ಬರುವುದಿಲ್ಲ. "ಒಂದು ವರ್ಷದ ಹಿಂದ ಬಂದಿದ್ರ ಭಾಳ ಉಳೀತಿತ್ತು. ಕೆಲಸದಾಗ ಗೊತ್ತಾಗ್ಲಿಲ್ಲೇನ್ರೀ? ಬಣ್ಣದವರು ನೀವು!"

"ಎಲ್ಲಿಂದ ಗೊತ್ತಾಗಬೇಕ್ರೀ," ಅಂದರು ಉಸ್ತಾದರು. "ಕಮಲಾಪುರದಾಗ ಮಾತ್ರ ಕೆಡ್ತು. ಅಲ್ಲೀತನಕ ಒಂದ್ ಬಾಗಿಲಾ ತಪ್ಪಿಲ್ಲ. ನನ್ ಶಾಗಿರ್ದನ್ ಕೇಳ್ರೀ."

ಡಾಕ್ಟರಮ್ಮ ನನ್ನನ್ನು ನೋಡಿದರು. ನಾನು ಔಷಧದ ಚೀಟಿ ಮಡಚಿ ಜೇಬಿಗಿಟ್ಟುಕೊಂಡೆ. ಹೊರಗಿನ ಬೆಂಚಿನ ಮೇಲೆ ಕುಳಿತ ಮೇಲೆ, ಅಳುತ್ತಲೇ ಎಲ್ಲವನ್ನೂ ಕಕ್ಕಿಬಿಟ್ಟೆ. ಹಳದಿ ಹನಿ, ನಮಾಜಿನ ಹೊತ್ತು, ಎಲ್ಲ.

ಬಯ್ಯಲಿ, ಹೊಡೆಯಲಿ ಎಂದು ನಾನು ಕಾಯುತ್ತಿದ್ದೆ.

"ಟೀಚರಮ್ಮನ ಮನೀದೂ?"

"ಹ್ಞೂಂ ರೀ. ಅದೇ ಮೊದಲಿಂದು."

"ಆಮ್ಯಾಲಿನವು?"

"ಎಲ್ಲಾ ನಾನೇ ತಿದ್ದೀನ್ರೀ."

"ಅಂದ್ರ ವರ್ಷದಿಂದ ನಾ ಕುರುಡ ಇದ್ದೆ," ಅಂದರು. "ನನಗೊಬ್ಬನಿಗೇ ಗೊತ್ತಿದ್ದಿಲ್ಲ."

ಎದ್ದರು. ಆಸ್ಪತ್ರೆಯ ಮೆಟ್ಟಿಲು ಇಳಿಯಬೇಕಿತ್ತು. ನಾನು ಕೈ ಹಿಡಿದೆ. ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ನೀ ಬ್ಯಾಡ," ಅಂದರು. ಗೋಡೆ ತಡವುತ್ತಾ, ಪ್ರತಿ ಮೆಟ್ಟಿಲಿಗೂ ಕಾಲು ಚಾಚಿ ನೋಡುತ್ತಾ ಒಬ್ಬರೇ ಇಳಿದರು.